ಲಗ್ನಪತ್ರಿಕೆಯ ನೀಲಿ ಪದ

ಕಣ್ಣಿಗೆ ಕಂಡದ್ದನ್ನು ನಂಬದೆ ಮನುಷ್ಯ ಬದುಕಲಾರ. ನಾಗರಿಕತೆಯೆಲ್ಲ ಈ ನಂಬಿಕೆಯ ಮೇಲೆ ನಿಂತಿದೆ. ಹಳಿಯಾಳದ ನಮ್ಮ ಮುದ್ರಣದಂಗಡಿಯಲ್ಲಿ ಅದು ನಾನು ಬರೆದ ನಾಲ್ಕು ಸಾಲುಗಳ ಮೇಲೆ ನಿಂತಿತ್ತು. ನಾಲ್ಕರಲ್ಲಿ ಒಂದು ತಪ್ಪಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಂಗಡಿಯ ಕಂಪ್ಯೂಟರು ನೋಡಿಕೊಳ್ಳುವವನು ನಾನು. ಅದರ ಮುಂದೆ ಕೂತು ಕೆಲಸ ಮಾಡುವವರು ಒಬ್ಬ ಅಕ್ಕ. ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಹಿಂದೊಮ್ಮೆ ತಪ್ಪು ಅಚ್ಚಾಗಿ ಕಾಗದ ಕೆಟ್ಟಾಗ ಮಾಲಕರು, "ಇನ್ನೊಮ್ಮೆ ಹಿಂಗಾದ್ರ ನೀವು ಬೈಂಡಿಂಗ್ ಕಡೆ ಹೋಗ್ರಿ" ಎಂದು ಅವರಿಗೆ ಹೇಳಿಯಾಗಿತ್ತು.

ಪ್ರತಿ ಬೀಗರ ಹೆಸರೂ ಲಗ್ನಪತ್ರಿಕೆಯಲ್ಲಿ ಅಚ್ಚಾಗಿಯೇ ಬರಬೇಕು, ಕೈಬರಹ ನಡೆಯದು ಎಂಬುದು ಮುಂಡಗೋಡ ಕಡೆಯ ಒಂದು ಮನೆತನದ ಹಟ. ಅದಕ್ಕೆ ನಾನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದಿದ್ದೆ. ಡಬಲ್ ಕೋಟು ಎಂಬ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಪತ್ರಿಕೆಯ ಒಕ್ಕಣೆ. ಹೆಸರಿನ ಜಾಗದಲ್ಲಿ ಡಾಲರ್ ಚಿಹ್ನೆ ಹಚ್ಚಿದ ಒಂದು ಇಂಗ್ಲಿಷ್ ಪದ. ಪಟ್ಟಿಯ ಹೆಸರುಗಳು ಒಂದೊಂದಾಗಿ ಅಲ್ಲಿಗೆ ಬಂದು ಕೂರುತ್ತವೆ. ಆ ಪದ ಪರದೆಯಲ್ಲಿ ನೀಲಿಯಾಗಿ ಕಾಣುವಂತೆ, ಸ್ಕ್ರಿಪ್ಟ್ ತೆರೆದು ತಿದ್ದುವ ಎಡಿಟರ್ ತಂತ್ರಾಂಶಕ್ಕೆ ನಾಲ್ಕು ಸಾಲಿನ ನಿಯಮವನ್ನೂ ಬರೆದಿದ್ದೆ.

ವರನ ಕಾಕಾ ಬಂದು ಮೊದಲ ಕಟ್ಟು ಬಿಚ್ಚಿದರು. ಆ ಕಾಲದ ಕನ್ನಡ ಫಾಂಟು ಇಂಗ್ಲಿಷ್ ಅಕ್ಷರಗಳನ್ನು ತನಗೆ ತೋಚಿದ ಕನ್ನಡ ಅಕ್ಷರಗಳಾಗಿ ಅಚ್ಚು ಮಾಡುತ್ತಿತ್ತು.

"ಇವರ್ಯಾರ್ರಿ? ನಮ್ಮ ಬೀಗರೊಳಗ ಇಂಥವರು ಇಲ್ಲ." ಇನ್ನೊಂದು ತೆಗೆದರು. "ಇದರಾಗೂ ಇವರ. ಊರೆಲ್ಲಾ ಬಿಟ್ಟು ಇವರೊಬ್ಬರನ್ನ ಕರಿಬೇಕೇನು ಲಗ್ನಕ್ಕ?"

ಮಾಲಕರು ಅಕ್ಕನ ಕಡೆ ತಿರುಗಿದರು. "ನೋಡಿ ಅಚ್ಚಿಗೆ ಬಿಟ್ರ್ಯೋ, ನೋಡದ ಬಿಟ್ರ್ಯೋ?"

"ನೋಡೇನ್ರಿ. ನೀಲಿ ಇತ್ತು. ನೀಲಿ ಇದ್ರ ಹೆಸರು ಬರ್ತೈತಿ ಅಂದವರು ಇವರ ರೀ," ಎಂದು ಅಕ್ಕ ನನ್ನ ಕಡೆ ಕೈ ಮಾಡಿದರು.

ಕಾಕಾ ಹಿಂದಿನ ದಿನ ಬಂದು, "ಆಶೀರ್ವಾದವೇ ಉಡುಗೊರೆ" ಎಂಬ ಸಾಲಿಗೆ ಡಬಲ್ ಕೋಟು ಹಾಕಿಸಿದ್ದರು. ಅದನ್ನೇ ಒಕ್ಕಣೆಯ ಕೊನೆಯೆಂದು ಕಂಪ್ಯೂಟರು ತಿಳಿಯಬಾರದೆಂದು ಅಕ್ಕ ಹೊರಗಿನ ಡಬಲ್ ಕೋಟನ್ನು ಸಿಂಗಲ್ ಮಾಡಿದ್ದರು. ಸಿಂಗಲ್ ಕೋಟಿನೊಳಗೆ ಸ್ಕ್ರಿಪ್ಟಿನ ಭಾಷೆ ಡಾಲರ್ ಪದವನ್ನು ಬದಲಿಸುವುದಿಲ್ಲ, ಇದ್ದಂತೆಯೇ ಬಿಡುತ್ತದೆ; ಕಾಕಾ ಓದಿದ ಹೆಸರು ಅದೇ. ನನ್ನ ನಿಯಮ ಮಾತ್ರ ಯಾವ ಭೇದವನ್ನೂ ಎಣಿಸದೆ ಎರಡರಲ್ಲೂ ನೀಲಿ ಬಳಿಯುತ್ತಿತ್ತು.

"ತಪ್ಪು ಬಣ್ಣದ್ದರಿ," ಎಂದೆ.

"ಬಣ್ಣ ಹಚ್ಚಿದವರು ಯಾರು?" ಎಂದರು ಮಾಲಕರು.

ಒಂದೇ ಇದ್ದ ನಿಯಮವನ್ನು ಎರಡು ಮಾಡಿದೆ, ಡಬಲ್ ಕೋಟಿಗೊಂದು, ಸಿಂಗಲ್ ಕೋಟಿಗೊಂದು: ಡಬಲ್ ಕೋಟಿನೊಳಗಿದ್ದರೆ ಮಾತ್ರ ನೀಲಿ. ಅಕ್ಕ ಕುರ್ಚಿ ಎಳೆದುಕೊಂಡು ತಮ್ಮ ಸಿಂಗಲ್ ಕೋಟಿನ ಫೈಲು ತೆರೆದರು, ನೀಲಿ ಇರಲಿಲ್ಲ. ಹೊರಗೆ ಡಬಲ್ ಹಾಕಿ, ಒಳಗಿನ ಪ್ರತಿ ಕೋಟಿಗೂ ಮೊದಲು, ಇದು ಬರೀ ಅಚ್ಚಾಗುವ ಚಿಹ್ನೆ ಎಂದು ತಿಳಿಸುವ ಓರೆಗೆರೆ ಕೊಟ್ಟರು. ನೀಲಿ ಬಂತು. ಆದರೂ ಒಂದು ಪತ್ರಿಕೆ ಅಚ್ಚು ಮಾಡಿ ಕಾಕಾನ ಕೈಗೆ ಕೊಟ್ಟ ಮೇಲೆಯೇ ಉಳಿದದ್ದನ್ನು ಶುರುಮಾಡಿದರು.

ಸಂಜೆಯ ಮುಂಡಗೋಡ ಬಸ್ಸಿಗೆ ಪತ್ರಿಕೆಗಳು ಹೋದವು. ಅಕ್ಕ ಕಂಪ್ಯೂಟರಿನ ಕೆಲಸದಲ್ಲೇ ಉಳಿದರು.