ಎರಡು ಬೊಟ್ಟು, ಒಂದು ಗೇಣು

ಕತ್ತರಿ ಹಿಡಿದವರ ಮುಂದೆ ಕೂರುವಾಗ ನಾನು ಚಷ್ಮಾ ತೆಗೆಯುವುದಿಲ್ಲ. ಕಿವಿಯ ಹತ್ತಿರ ಅಡ್ಡ ಬರುತ್ತದೆ ಎಂದು ಪಾರ್ಲರಿನವರು ಗೊಣಗುತ್ತಾರೆ. ಗೊಣಗಲಿ. ಒಮ್ಮೆ ತೆಗೆದುಕೊಟ್ಟು ಏನಾಯಿತೆಂಬುದು ನನಗೆ ಗೊತ್ತು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಮ್ಮ ಮನೆ ಬೆಟಗೇರಿಯಲ್ಲಿ. ನಾನು ದಿನಾ ಬಸ್ಸಿನಲ್ಲಿ ಲಕ್ಕುಂಡಿಗೆ ಹೋಗಿ ಶಾಲೆಯಲ್ಲಿ ಕಲಿಸಿ ಬರುತ್ತಿದ್ದೆ. ನನ್ನ ಕೂದಲು ಸೊಂಟದ ಕೆಳಗೆ ಇಳಿಯುತ್ತಿತ್ತು. ದಪ್ಪ ಚಷ್ಮಾ, ಉಬ್ಬು ಹಲ್ಲು, ಕಡ್ಡಿಯಂಥ ಮೈಕಟ್ಟಿನ ಹುಡುಗಿಯ ಬಗ್ಗೆ ಬಂಧುಗಳು ಹುಡುಕಿ ಹುಡುಕಿ ಆಡುತ್ತಿದ್ದ ಒಂದೇ ಒಳ್ಳೆಯ ಮಾತು ಅದು. ನನಗೆ ಆ ಕೂದಲಿನ ಸೊಕ್ಕಿತ್ತು. ಇರಬಾರದೇಕೆ?

ಆದರೆ ನಮ್ಮ ಓಣಿಯ ಬೋರಿನ ಸವಳು ನೀರಿಗೆ ಅದು ತೆಂಗಿನ ನಾರಿನಂತೆ ಒರಟಾಗತೊಡಗಿತು. ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಕೆಲಸ ಕಲಿತುಬಂದ ಹೆಣ್ಣುಮಗಳೊಬ್ಬಳು ಪಕ್ಕದ ಓಣಿಯಲ್ಲಿ, ತನ್ನ ಮನೆಯ ಪಡಸಾಲೆಯಲ್ಲೇ, ಪಾರ್ಲರ್ ತೆರೆದಳು. ಸೀಗೆಪುಡಿ ಹಚ್ಚಿ ತೊಳೆದ ಮೇಲೆ ಕೊನೆಯ ಎರಡು ತಂಬಿಗೆ ಮಾತ್ರ ನಳದ ಸಿಹಿನೀರು ಸುರಿದುಕೊಳ್ಳಬೇಕು, ಹಸಿ ಕೂದಲಿಗೆ ಹಣಿಗೆ ತಾಗಿಸಬಾರದು, ಸಿಕ್ಕು ಬಿಡಿಸುವುದಾದರೆ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು, ಮೂರು ತಿಂಗಳಿಗೊಮ್ಮೆ ಸೀಳಿದ ತುದಿ ತೆಗೆಸಬೇಕು. ಎಲ್ಲ ಅವಳೇ ಕಲಿಸಿದ್ದು. ಆರು ತಿಂಗಳಲ್ಲಿ ಕೂದಲು ಮತ್ತೆ ಮಿಂಚಿತು.

ಅದಕ್ಕಿಂತ ದೊಡ್ಡದೊಂದಿತ್ತು. ಮೊದಲ ದಿನ ಕುರ್ಚಿಯಲ್ಲಿ ಕೂರಿಸಿ ಅವಳು, "ಅಕ್ಕೋರ, ನಿಮಗ ಹೆಂಗ ಬೇಕ್ರಿ?" ಎಂದು ಕೇಳಿದ್ದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ತಲೆಯ ಬಗ್ಗೆ ನನ್ನನ್ನೇ ಕೇಳಿದವಳು ಅವಳೊಬ್ಬಳೇ. ನಾನು ಎರಡು ಬೆರಳು ಜೋಡಿಸಿ ತೋರಿಸಿದೆ. ಎರಡು ಬೊಟ್ಟು ಅಂದರೆ ಎರಡೇ ಬೊಟ್ಟು ಕತ್ತರಿಸಿದಳು. ಅಂದಿನಿಂದ ನಾನು ಅವಳ ಎದುರು ಚಷ್ಮಾ ತೆಗೆದಿಟ್ಟು, ಮಂಜು ಮಂಜಾದ ಕನ್ನಡಿಯ ಮುಂದೆ ನಿಶ್ಚಿಂತೆಯಿಂದ ಕೂರುತ್ತಿದ್ದೆ.

ಹೊಸ ಜಿಲ್ಲೆಗೆ ಹೊಸ ಕಚೇರಿಗಳು ಬಂದವು, ಗುಮಾಸ್ತರ ಕೆಲಸಕ್ಕೆ ಅರ್ಜಿ ಕರೆದರು. ಅಣ್ಣ ಅರ್ಜಿ ಹಾಕಿದ. ಅವ್ವ ಮುಂಡರಗಿ ಕಡೆಯ ನಮ್ಮ ಮನೆದೇವರಿಗೆ ಹರಕೆ ಹೊತ್ತಳು. ಹೊತ್ತವಳು ಅವಳು, ಕೊಡಬೇಕಾದದ್ದು ನನ್ನ ಮುಡಿ.

"ಒಂದು ಗೇಣು ಅಷ್ಟ ತಂಗಿ. ಸಂದರ್ಶನಕ್ಕಿಂತ ಮೊದ್ಲ ಕೊಡಬೇಕು," ಎಂದಳು ಅವ್ವ.

"ಅಣ್ಣನ ತಲಿ ಐತಲ್ಲ, ಅದನ್ನ ಕೊಡು," ಎಂದೆ.

ಗೋಡೆಯ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದ ಅಣ್ಣ ತಿರುಗಿಯೂ ನೋಡಲಿಲ್ಲ. "ಸಾಹೇಬ್ರ ಮುಂದ ಬೋಳ ತಲಿ ತಗೊಂಡು ಹೋಗ್ಲೇನು?"

ನಾನು ಆಗುವುದಿಲ್ಲವೆಂದೆ. ಅವ್ವ ಎರಡು ದಿನ ಮುಖ ಊದಿಸಿಕೊಂಡಳು, ಮೂರನೆಯ ದಿನ ನನಗೆ ಇಷ್ಟವೆಂದು ಗುರೆಳ್ಳು ಚಟ್ನಿ ಕುಟ್ಟಿದಳು. ವಿಷಯ ಮುಗಿಯಿತೆಂದು ನಾನು ತಿಳಿದೆ. ಇಷ್ಟು ದಪ್ಪ ಚಷ್ಮಾ ಹಾಕಿಯೂ ನನಗೆ ಆ ಚಟ್ನಿ ಕಾಣಲಿಲ್ಲ.

ಮುಂದಿನ ವಾರ ತುದಿ ತೆಗೆಸಲು ಪಾರ್ಲರಿಗೆ ಹೋದೆ. ಅಂದು ಅವಳು ಹೆಚ್ಚು ಮಾತಾಡಲಿಲ್ಲ. ಎರಡು ಬೆರಳು ತೋರಿಸಿದೆ, ಹೂಂ ಎಂದಳು. ಚಷ್ಮಾ ತೆಗೆದುಕೊಟ್ಟೆ. ಬೆನ್ನ ಹಿಂದೆ ಕೂದಲನ್ನು ಒಟ್ಟಿಗೆ ಹಿಡಿದು ದಾರ ಸುತ್ತುತ್ತಿರುವುದು ಗೊತ್ತಾಯಿತು.

"ದಾರ ಯಾಕ?"

"ಸಮ ಬರ್ಲಿ ಅಂತ್ರಿ, ಅಕ್ಕೋರ."

ಕತ್ತರಿಯ ಸದ್ದು ಎಂದಿನಂತೆ ಚುರುಕಾಗಿರಲಿಲ್ಲ. ದಪ್ಪನೆಯದೇನನ್ನೋ ಅಗಿಯುವಂತೆ ನಾಲ್ಕೈದು ಸಲ ಆಡಿತು. ತಲೆ ಒಮ್ಮೆಲೇ ಹಗುರಾಯಿತು. ಚಷ್ಮಾ ಹಾಕಿಕೊಂಡು ಕೈ ಹಿಂದೆ ಚಾಚಿದರೆ ಕೂದಲು ಸೊಂಟಕ್ಕೇ ಮುಗಿದಿತ್ತು. "ಬಾಳ ಸೀಳಿದ್ದುವ್ರಿ, ಅದಕ್ಕ ಸ್ವಲ್ಪ ಜಾಸ್ತಿ ತಗದೆ," ಎಂದಳು. ಕೆಳಗೆ ನೋಡಿದೆ. ಅಷ್ಟು ಕೂದಲು ತೆಗೆದರೂ ನೆಲದ ಮೇಲೆ ಒಂದು ಎಳೆಯೂ ಇರಲಿಲ್ಲ. ನನಗೆ ಅಳು ಬಂತು, ಆದರೂ ಅವಳನ್ನು ನಂಬಿದೆ. ನನ್ನ ಕೂದಲು ಉಳಿಸಿದವಳೇ ಸುಳ್ಳು ಹೇಳುತ್ತಾಳೆಯೇ?

ನಾಲ್ಕು ದಿನ ನಂಬಿದೆ. ಐದನೆಯ ದಿನ ದೇವರ ಜಗುಲಿಯ ಮೇಲೆ ಊದಿನಕಡ್ಡಿ ಹುಡುಕುವಾಗ ಅರಿಷಿಣ ಹಚ್ಚಿದ ಬಟ್ಟೆಯ ಗಂಟೊಂದು ಕೈಗೆ ಸಿಕ್ಕಿತು. ಬಿಚ್ಚಿದೆ. ಕೆಂಪು ದಾರ ಸುತ್ತಿದ ನನ್ನ ಕೂದಲು. ಗೇಣು ಹಾಕಿ ನೋಡಿದೆ. ಸರಿಯಾಗಿ ಒಂದು ಗೇಣು.

ಒಲೆಯ ಮುಂದಿದ್ದ ಅವ್ವನ ಎದುರು ಅದನ್ನು ಹಿಡಿದೆ. ಅವಳು ರೊಟ್ಟಿ ತಿರುವಿ ಹಾಕಿ ಹೇಳಿದಳು, "ಹರಕಿ ಬಾಕಿ ಇಟ್ಟಕೊಂಡು ಕುಂಡ್ರಾಕ ಬರ್ತದೇನ?"

"ನಿಂದ ಕೊಡಬೇಕಿತ್ತು."

"ನನ್ನ ತಲಿಯಾಗ ಏನೈತಿ? ದೇವ್ರಿಗೆ ಕೊಡೂದಂದ್ರ ಮನ್ಯಾಗ ಇದ್ದದ್ದರಾಗ ಚಲೋದು ಕೊಡಬೇಕು."

ಹೊಗಳಿದಳೋ ಬೈದಳೋ ಇವತ್ತಿಗೂ ತಿಳಿದಿಲ್ಲ. ಗಂಟನ್ನು ಪಾರ್ಲರಿನಿಂದ ಸೈಕಲ್ಲಿನ ಮೇಲೆ ತಂದವನು ಅಣ್ಣ ಎಂದು ಆಮೇಲೆ ತಿಳಿಯಿತು. ಮನೆಯಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು.

ಅವರಿಬ್ಬರ ಮೇಲೆ ಸಿಟ್ಟು ಬಂತು. ಎದೆಗೆ ಚುಚ್ಚಿದ್ದು ಮಾತ್ರ ಪಾರ್ಲರಿನವಳು. ಸಂಜೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದೆ. ಅವಳು ಗಿರಾಕಿಯ ತಲೆ ಬಾಚುತ್ತಿದ್ದ ಕೈ ನಿಲ್ಲಿಸಲಿಲ್ಲ.

"ನಿಮ್ಮವ್ವಾರು ಉಡಿ ಒಡ್ಡಿ ಬೇಡಿಕೊಂಡ್ರು, ಅಕ್ಕೋರ. ಹಡದಾಕಿ ಕೇಳಿದ್ರ ಹೆಂಗ ಒಲ್ಲೆ ಅನ್ಲಿ? ಬೆಳೀತಾವ ಬಿಡ್ರಿ."

"ಹೆಂಗ ಬೇಕು ಅಂತ ನನ್ನ ಕೇಳಿದಾಕಿ ನೀನ," ಎಂದೆ. ನಾನು ಮತ್ತೆ ಆ ಓಣಿಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಸುತ್ತು ಹಾಕಿಕೊಂಡು ಹೋದೆ, ಎರಡು ಸಲ ಬಸ್ಸೂ ತಪ್ಪಿತು.

ಅವ್ವ ಗಂಟನ್ನು ಮನೆದೇವರಿಗೆ ಒಪ್ಪಿಸಿ ಬಂದಳು. ಅಣ್ಣನಿಗೆ ಕೆಲಸ ಸಿಕ್ಕಿತು. ಪೇಢೆ ಹಂಚುವಾಗ ನೆರೆಯಾಕೆ, "ತಂಗಿ ಮುಡಿ ಕೊಟ್ಟ ಪುಣ್ಯ ಇದು," ಎಂದಳು. ಅಣ್ಣನಿಗೆ ರೇಗಿತು. "ಮುಡಿ ಕೊಟ್ರ ನೌಕರಿ ಸಿಗತಾವೇನ್ರಿ? ನಾ ಹಗಲು ರಾತ್ರಿ ಓದೀನಿ." ಪೇಢೆಯ ತಾಟು ನನ್ನ ಕೈಯಲ್ಲಿತ್ತು. ಅವನಿಗೂ ಬೇಡವಾಗಿದ್ದ ಕೂದಲನ್ನು ನನ್ನಿಂದ ಕದ್ದಿದ್ದರು.

ಎರಡು ವರ್ಷದಲ್ಲಿ ಅದು ಮೊದಲಿನಷ್ಟೇ ಬೆಳೆಯಿತು. ನಾನೇ ನೀರು ತಂದೆ, ಎಣ್ಣೆ ಕಾಯಿಸಿದೆ, ಹೊಸ್ತಿಲಲ್ಲಿ ಕೂತು ತುದಿಯಿಂದ ಸಿಕ್ಕು ಬಿಡಿಸಿದೆ. ಅವ್ವನ ಜೊತೆ ಮಾತು ಮೊದಲಿನಂತಾಗಿತ್ತು, ಅಥವಾ ಹಾಗೆ ನಾನು ಅಂದುಕೊಂಡಿದ್ದೆ. ಒಂದು ರವಿವಾರ ಅವಳೇ ಕರೆದು ಮುಂದೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಚಷ್ಮಾ ತೆಗೆದು ಬದಿಗಿಟ್ಟಿದ್ದೆ. ಬೆಚ್ಚಗಿನ ಎಣ್ಣೆಗೆ ಕಣ್ಣು ಮುಚ್ಚಿ ಬಂದವು. ಬಹಳ ದಿನಗಳ ಮೇಲೆ ಹಿತವೆನಿಸಿತು.

ಅವ್ವ ನನ್ನ ಕೂದಲಿನ ಗುಂಟ ಕೈ ಇಳಿಸುತ್ತಾ ಬಂದಳು. ತುದಿಯ ಹತ್ತಿರ ಅವಳ ಹೆಬ್ಬೆರಳು, ಕಿರುಬೆರಳು ಅಗಲವಾದವು.

"ಚಲೋ ಬೆಳದೈತಲ್ಲ ತಂಗಿ," ಎಂದಳು. "ನಿಮ್ಮ ಅಣ್ಣಗ ಪ್ರಮೋಷನ್ ಮಾತು ನಡದೈತಂತ."

ನಾನು ಕೈ ಚಾಚಿ ಚಷ್ಮಾ ಹುಡುಕಿ ಹಾಕಿಕೊಂಡೆ.