ಕೊಂಡಾಪುರದ ಬಿಸಿಲಿನ ಪಾಳಿ

“ಅವ್ವಾ, ಕಣ್ಣಿಗೆ ಕತ್ತಲಿ ಬರಾಕತ್ತೈತಿ,” ಎಂದಳು ಆಸ್ಪತ್ರೆಯಿಂದ ನನ್ನೊಡನೆ ಹೊರಬಂದ ತುಂಬು ಬಸುರಿ ಮಗಳು. ಐಟಿ ಕಚೇರಿಗಳು ಬಂದು, ಹೈದರಾಬಾದಿನ ಕೊಂಡಾಪುರದ ರಸ್ತೆ ಅಗಲವಾಗಿ, ಮರಗಳೆಲ್ಲ ಹೋಗಿದ್ದ ಕಾಲವದು. ಬಸ್ ನಿಲ್ಲುವಲ್ಲಿ, ಕರೆಂಟು ಕಂಬದ ಬಳಿ ಜನ ಒಬ್ಬರ ಹಿಂದೊಬ್ಬರು ನಿಂತಿದ್ದರು. ನಾವೂ ಹೋಗಿ ಕೊನೆಯಲ್ಲಿ ನಿಂತೆವು.

ನಮ್ಮ ಕನ್ನಡ ಕೇಳಿ, ಮುಂದಿದ್ದ ಗಾರೆ ಕೆಲಸದ ಹೆಂಗಸು ತಿರುಗಿ ನಕ್ಕಳು. “ಇದು ಪಾಳಿ ಅಲ್ರಿ ಅಕ್ಕಾರ, ಕಂಬದ ನೆರಳು! ತಂಗೀನ ಮುಂದ ಕರ್ಕೊಂಡ ಬರ್ರಿ.” ತೆಲುಗಿನಲ್ಲಿ ಎಲ್ಲರನ್ನೂ ಗದರಿಸಿ ಹಿಂದೆ ಸರಿಸಿದಳು. ಕೊನೆಯವರು ನಗುತ್ತಲೇ ಬಿಸಿಲಿಗೆ ಹೋದರು. ಕಂಬದ ಬುಡದಲ್ಲಿ ಕೂತು ನೀರು ಕುಡಿದ ಮೇಲೆ ಮಗಳು ಚೇತರಿಸಿಕೊಂಡಳು.

ಮೊಮ್ಮಗಳು ಹುಟ್ಟಿದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಾಚೆ ರಸ್ತೆ ಬದಿಗೆ ಹೊಂಗೆ ಗಿಡ ನೆಟ್ಟೆವು. ಈಗ ಜನ ಅದರಡಿ ಹರಟುತ್ತ ಕಾಯುತ್ತಾರೆ. ಬೋರ್ಡಿಲ್ಲದಿದ್ದರೂ ಬಸ್ಸು ಅಲ್ಲೇ ನಿಲ್ಲುತ್ತದೆ.