ಇಂಗಾಲದ ಪ್ರಶ್ನೆ

ಸಾಗರದ ಪಾಲಿಟೆಕ್ನಿಕ್ಕಿನಲ್ಲಿ ನಾನು ಲೋಹಶಾಸ್ತ್ರ ಕಲಿಸುತ್ತಿದ್ದೆ. ವೆಲ್ಡರುಗಳಿಗೆ ಸರ್ಟಿಫಿಕೇಟು ಕೊಡುವ ಮೌಖಿಕ ಪರೀಕ್ಷೆಯೂ ನನ್ನದೇ ಜವಾಬ್ದಾರಿ. ಒಮ್ಮೆ ಹೊಸನಗರದಿಂದ ಐವತ್ತು ದಾಟಿದ ವೆಲ್ಡರ್ ಒಬ್ಬರು ಬಂದರು. ಸರ್ಟಿಫಿಕೇಟು ಇಲ್ಲದೆ ಅವರಿಗೆ ನೀರಿನ ಪೈಪ್‌ಲೈನಿನ ಕೆಲಸ ಸಿಗುತ್ತಿರಲಿಲ್ಲವಂತೆ.

"ಉಕ್ಕಿನಲ್ಲಿ ಇಂಗಾಲ ಹೆಚ್ಚಾದರೆ ಏನಾಗುತ್ತೆ?" ಎಂದು ಕೇಳಿದೆ.

"ಸೊಕ್ಕು ಬರ್ತದೆ ಸರ್. ಬಗ್ಗೋದಿಲ್ಲ, ಒಡೀತದೆ."

ಪುಸ್ತಕದಲ್ಲಿ ಇದ್ದದ್ದು 'ಗಡಸುತನ ಹೆಚ್ಚುತ್ತದೆ, ತನ್ಯತೆ ಕುಗ್ಗುತ್ತದೆ' ಎಂದು; ತನ್ಯತೆ ಎಂದರೆ ಮುರಿಯದೆ ಬಗ್ಗುವ, ಹಿಗ್ಗುವ ಗುಣ. ಅವರನ್ನು ನಪಾಸು ಮಾಡಿದೆ.

ಮರುತಿಂಗಳು ಅಮ್ಮನಿಗೆ ಹಿಡಿದುಕೊಳ್ಳಲೆಂದು ಮನೆಯ ಮೆಟ್ಟಿಲಿಗೆ ಪೈಪಿನ ಕಂಬಿ ಮಾಡಿಸಿದೆ. ಪೈಪನ್ನು ನಾನೇ ಆರಿಸಿ ತಂದಿದ್ದೆ. ವಾರದೊಳಗೆ ಬೆಸುಗೆ ಬಿರುಕು ಬಿಟ್ಟಿತು. ಮತ್ತೆ ಹಾಕಿಸಿದರೂ ಬಿಟ್ಟಿತು. ಕೊನೆಗೆ ನಾಚಿಕೆ ಬದಿಗಿಟ್ಟು ಕಂಬಿಯನ್ನು ಹೊಸನಗರಕ್ಕೆ, ಆ ವೆಲ್ಡರ್ ಹತ್ತಿರವೇ ಒಯ್ದೆ. ಅವರು ಗ್ರೈಂಡರ್ ತಾಗಿಸಿ, ಹಾರಿದ ಕಿಡಿಗಳನ್ನು ನೋಡಿದರು.

"ಇದ್ರಲ್ಲಿ ಇಂಗಾಲ ಜಾಸ್ತಿ ಇದೆ ಸರ್. ಯಾರು ಆರ್ಸಿದ್ದು?"

ಅಂಗಡಿಯವನು ಎಂದೆ. ಅವರು ಪೈಪನ್ನು ಮೊದಲು ಕಾಯಿಸಿ, ಆಮೇಲೆ ಬೆಸೆದು, ನಿಧಾನವಾಗಿ ಆರಲೆಂದು ಬೂದಿಯಲ್ಲಿ ಹೂತಿಟ್ಟರು. ಅಮ್ಮ ಈಗಲೂ ಅದನ್ನೇ ಹಿಡಿದು ಮೆಟ್ಟಿಲು ಇಳಿಯುತ್ತಾಳೆ.

ಅಂದು ಅಲ್ಲಿಂದ ಹೊರಡುವಾಗ ಅವರಿಗೆ ನನ್ನ ನೋಟ್ಸ್ ಕೊಟ್ಟು ಬಂದೆ. ಮುಂದಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೇಳಿದಾಗ ಅವರು ನನ್ನ ವಾಕ್ಯವನ್ನೇ ಅಕ್ಷರ ತಪ್ಪದೆ ಒಪ್ಪಿಸಿದರು. ಪೂರ್ತಿ ಅಂಕ ಹಾಕಿದೆ. ಸರ್ಟಿಫಿಕೇಟು ಕೈಗೆ ಕೊಡುತ್ತಾ, "ತನ್ಯತೆ ಅಂದ್ರೆ ಏನು ಅಂತ ಈಗ ಗೊತ್ತಾಯ್ತಲ್ಲ?" ಎಂದೆ.

"ಇಲ್ಲ ಸರ್, ಬಾಯಿಪಾಠ ಮಾಡ್ದೆ," ಎಂದು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು.